ವಜಾ ಮಾಡುವ ಪಾಠ

"ಅಳಮ್ಮ, ಅಳು! ಹೀಗೆ ಕಂಬದ ಹಾಗೆ ಕೂತ್ರೆ ನನ್ನ ಹುಡುಗರು ಏನು ಕಲೀಬೇಕು, ನಿನ್ನ ತಲೆ?"

ತರಗತಿ ನಕ್ಕಿತು. ನೆಲ ಒರೆಸುವ ಹೆಂಗಸು ತೋಳಿನಿಂದ ಒಣ ಕಣ್ಣು ಉಜ್ಜಿಕೊಂಡಳು.

ಮೇಷ್ಟ್ರ ವಿಷಯ ಮಾನವ ಸಂಪನ್ಮೂಲ. ಅಂದಿನ ಪಾಠ, ಗಲಾಟೆಯಾಗದಂತೆ ನೌಕರರನ್ನು ಕೆಲಸದಿಂದ ತೆಗೆಯುವುದು. ನೌಕರಳ ಪಾತ್ರಕ್ಕೆ ಹೊರಗೆ ನೆಲ ಒರೆಸುತ್ತಿದ್ದವಳನ್ನೇ ಒಳಗೆ ಕರೆದಿದ್ದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದುರು ಕೂತು ಅವಳನ್ನು ತೆಗೆಯಬೇಕು. ಮೊದಲು ನೀರಿನ ಲೋಟ ಅವಳತ್ತ ಸರಿಸಬೇಕು. "ಇದು ನಿಮ್ಮ ತಪ್ಪಲ್ಲ, ಸಂಸ್ಥೆ ನಿಮಗೆ ಋಣಿ" ಎನ್ನಬೇಕು. ಅತ್ತರೆ ಟಿಶ್ಯೂ ಡಬ್ಬಿ ತಳ್ಳಬೇಕು. ಆಮೇಲೆ ಎದ್ದು, ಕೈ ಚಾಚಿ, ಕೊರಳಿನ ಗುರುತಿನ ಕಾರ್ಡು ಕೇಳಬೇಕು.

"ನೀವು ಎದ್ರೆ ಅವರೂ ಎದ್ದೇ ಏಳ್ತಾರೆ. ಮಾತು ಮುಗೀತು ಅಂತ ಬಾಯಿಬಿಟ್ಟು ಹೇಳೋದೇ ಬೇಡ," ಎಂದರು ಮೇಷ್ಟ್ರು.

ಕಡೆಯ ಸರದಿ ನೆಲ ಒರೆಸುವವಳ ಮಗಳದೇ. ಬಡವರ ಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ತರುವ ಯೋಜನೆಯೊಂದನ್ನು ಮೇಷ್ಟ್ರೇ ನಡೆಸುತ್ತಿದ್ದರು. ಅದರಲ್ಲಿ ಸೀಟು ಸಿಕ್ಕಿದ ಹುಡುಗಿ. ಲೋಟ ಸರಿಸಿದಳು. ಮಾತು ಒಪ್ಪಿಸಿದಳು. ಎದ್ದಳು. ಕೈ ಮಾತ್ರ ಮೇಲೇಳಲಿಲ್ಲ.

"ಕಾರ್ಡು ಕೇಳು!"

"ಆಗಲ್ಲ ಸಾರ್. ನಮ್ಮಮ್ಮ."

"ಇಲ್ಲಿ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ನಿಮ್ಮಂಥೋರನ್ನ ಮೆಟ್ಟಿಲು ಹತ್ತಿಸ್ಬಹುದು, ಕೈಗಂಟಿದ ಪೊರಕೆ ಬಿಡಿಸೋಕಾಗಲ್ಲ ನೋಡು."

ಮತ್ತೆ ನಗು. ಮಗಳ ಅಂಕ ಹೋಯಿತು.

"ಕೇಳ್ಬಾರ್ದಿತ್ತೇನೇ ಪೆದ್ದಿ? ಸುಳ್ಳುಸುಳ್ಳು ಆಟ ತಾನೆ," ಎಂದು ತಾಯಿ ಮನೆಯಲ್ಲಿ ಗದರಿದಳು.

ಪರೀಕ್ಷೆಗಳು ಮುಗಿದ ಮೇಲೆ ಮೇಷ್ಟ್ರು ತಾಯಿಯನ್ನು ತಮ್ಮ ಕೋಣೆಗೆ ಕರೆಸಿದರು. ಲೋಟ ಅವಳತ್ತ ಸರಿಯಿತು.

"ಕೂತ್ಕೊಳ್ಳಿ. ಇದು ನಿಮ್ಮ ತಪ್ಪಲ್ಲ."

ಎಂದೂ 'ನೀವು' ಎನ್ನದ ಬಾಯಿ. ಪಾಠದ ತಯಾರಿ ಇರಬೇಕು ಎಂದುಕೊಂಡಳು. ಹಿಂದಿನ ಬೈಗುಳ ನೆನಪಿತ್ತು. ಈ ಸಲ ಎದೆ ಬಡಿದುಕೊಂಡು, ಮೂಗು ಸುರಿಸಿಕೊಂಡು ಚೆನ್ನಾಗಿಯೇ ಅತ್ತಳು. ಡಬ್ಬಿ ಬಂತು. ಮೇಷ್ಟ್ರು ಎದ್ದರು, ಅವಳೂ ಎದ್ದಳು. ಕೈ ಚಾಚಿದರು, ಕಾರ್ಡು ಬಿಚ್ಚಿ ಕೊಟ್ಟಳು.

"ಈ ಸಲ ಸರಿ ಬಂತಾ ಸಾರ್? ಹುಡುಗರೆಲ್ಲಿ?"

"ಇವತ್ತು ಕ್ಲಾಸಿಲ್ಲ." ಕಾರ್ಡು ಡ್ರಾಯರಿನೊಳಗೆ ಬಿತ್ತು. "ಗುತ್ತಿಗೆಯವರಿಗೆ ವಯಸ್ಸಾದೋರು ಬೇಡ. ಯಾರನ್ನ ತೆಗೀಬೇಕು ಅಂತ ನನ್ನನ್ನೇ ಕೇಳಿದ್ರು, ನಿನ್ನ ಹೆಸರು ಹೇಳಿದೆ. ಇನ್ನೊಂದು ಮಾತು. ಯೋಜನೆಗೆ ದುಡ್ಡು ಕೊಡೋರು ಬರ್ತಿದ್ದಾರೆ. ಹುಡುಗಿ ತಾಯಿ ಅಂತ ವೇದಿಕೆ ಮೇಲೆ ನಾಲ್ಕು ಒಳ್ಳೆ ಮಾತಾಡು. ಮಗಳ ಸೀಟು ನನ್ನ ಕೈಲಿದೆ, ಮರೀಬೇಡ."

ಅವಳ ಮುಖದ ಮೇಲೆ ಬಿಟ್ಟಿ ಕಣ್ಣೀರು ಇನ್ನೂ ಆರಿರಲಿಲ್ಲ.

"ಬೋಳಿಮಗ! ಅಳು ಕಲಿಸಿ ಅಳಿಸಿದ ಕಣೇ," ಎಂದಳು ಮಗಳ ಮುಂದೆ.

"ನೀನು ಹೋಗ್ಬೇಡಮ್ಮ. ಸೀಟು ಹೋದ್ರೆ ಹೋಗ್ಲಿ."

"ಹೋಗ್ತೀನಿ. ಒಳ್ಳೆ ಮಾತೇ ಆಡ್ತೀನಿ."

ಸಭಾಂಗಣ ತುಂಬಿತ್ತು. ವೇದಿಕೆಯ ಮೇಜಿನ ಹಿಂದೆ ಅತಿಥಿಗಳ ನಡುವೆ ಮೇಷ್ಟ್ರು, ಕೊರಳಲ್ಲಿ ನೀಲಿ ಪಟ್ಟಿಯ ಕಾರ್ಡು. ಹೆಸರು ಕೂಗಿದಾಗ ಅವಳು ಮೈಕಿನ ಬಳಿ ನಿಲ್ಲಲಿಲ್ಲ. ಮೈಕನ್ನೇ ಕೈಗೆತ್ತಿಕೊಂಡು, ಕುರ್ಚಿ ಎಳೆದು ಮೇಷ್ಟ್ರ ಎದುರು ಕೂತಳು. ನೀರಿನ ಲೋಟ ಅವರತ್ತ ಸರಿಸಿದಳು.

"ಇದು ನಿಮ್ಮ ತಪ್ಪಲ್ಲ ಸಾರ್. ಮಗಳಿಗೆ ಬಾಗಿಲು ತೆಗೆದ್ರಿ, ಅದೇ ಬಾಗಿಲಲ್ಲಿ ನನ್ನನ್ನ ಆಚೆ ನೂಕಿದ್ರಿ. ಸಂಸ್ಥೆ ನಿಮಗೆ ಋಣಿ."

ಪಾಠ ಕಲಿತಿದ್ದ ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ಅತಿಥಿಗಳ ನಗು ಅರ್ಧಕ್ಕೇ ನಿಂತಿತು.

"ಏಯ್, ಮೈಕ್ ಆಫ್ ಮಾಡ್ರೋ!" ಎಂದು ಮೇಷ್ಟ್ರು ಕೂಗಿದರು.

ಯಾರೂ ಅಲ್ಲಾಡಲಿಲ್ಲ. ಅವಳು ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿ ತಳ್ಳಿದಳು.

"ಬೆವರು ಒರೆಸ್ಕೊಳ್ಳಿ ಸಾರ್. ಇನ್ಮೇಲೆ ಒರೆಸೋಕೆ ನಾನಿರಲ್ಲ."

ಅವಳು ಎದ್ದಳು. ಮೇಷ್ಟ್ರೂ, ತಮಗೇ ಗೊತ್ತಿಲ್ಲದೆ, ಎದ್ದರು.

ಮುಂದಿನ ಸಾಲಿನಿಂದ ಮಗಳು ಮೆಟ್ಟಿಲು ಹತ್ತಿ ಬಂದು ತಾಯಿಯ ಪಕ್ಕ ನಿಂತಳು. ಕೈ ಚಾಚಿದಳು.

"ಸಾರ್, ಕಾರ್ಡು."