ಇಲಿ ಬೋನಿನ ಹಿಟ್ಟು

ಸ್ಟ್ಯಾನ್ ಕುಚೆರಾ ಪಿಸ್ತೂಲನ್ನು ಬಲಗೈಯಲ್ಲಿ ಹಿಡಿದು ನೋಡಿದ, ಎಡಗೈಗೆ ಬದಲಿಸಿದ, ಮತ್ತೆ ಬಲಗೈಗೆ ತಂದುಕೊಂಡು ಮುಖ ಹುಳ್ಳಗೆ ಮಾಡಿದ.

"ಏನಯ್ಯಾ ಈ ಹಿಡಿ ಕೆತ್ತಿರೋದು! ಇಲ್ಲೊಂದು ಗುಂಡಿ, ಇಲ್ಲೊಂದು ಉಬ್ಬು. ಒಂದು ಬೆರಳೂ ನೆಟ್ಟಗೆ ಕೂರ್ತಿಲ್ಲ. ಎಮಿಲ್‌ಗೆ ಕೊನೆಕೊನೆಗೆ ಕಣ್ಣೇ ಕಾಣ್ತಿರ್ಲಿಲ್ವೇನೋ."

"ಮೆಲ್ಲಗೆ ಮಾತಾಡು ಮಾರಾಯ," ಎಂದ ಪಕ್ಕದಲ್ಲಿದ್ದ ಲ್ಯಾಡಿ. "ಆಗ್ನೆಸ್ ಹಿಂದೇನೇ ಕೂತಿದಾಳೆ."

ಆಗ್ನೆಸ್‌ಗೆ ಕೇಳಿಸಿತ್ತು. ಗುಂಡು ಹೊಡೆಯುವ ಸಾಲಿನ ಹಿಂದಿನ ಬೆಂಚಿನ ಮೇಲೆ ಅವಳು ಮಗಳು ಮಾರ್ಸೆಲಾ ಜೊತೆ ಕೂತಿದ್ದಳು. ಗಂಡ ಎಮಿಲ್‌ನನ್ನು ಮಣ್ಣು ಮಾಡಿ ಬಂದ ಕಪ್ಪು ಬೂಟಿನ ಅಂಚಿಗೆ ಸ್ಮಶಾನದ ಕೆಸರು ಇನ್ನೂ ಹಸಿಯಾಗಿತ್ತು. ಚರ್ಚಿನ ಹಾಲ್‌ನಲ್ಲಿ ಊಟವಾಗಿತ್ತು. ಹಂದಿಮಾಂಸ, ಹುಳಿಕೋಸು ಎಲ್ಲ ಊರ ಹೆಂಗಸರದು. ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚಿ ಮಾತ್ರ ಆಗ್ನೆಸ್ ತಾನೇ ಬೆಳಗಿನ ಜಾವ ಎದ್ದು ಬೇಯಿಸಿದ್ದು. ಎಮಿಲ್ ಕ್ರಾಯಿಚೆಕ್‌ನ ಮಣ್ಣಿಗೆ ಬಂದವರು ಅಂಗಡಿಯ ಕೊಲಾಚಿ ತಿಂದರು ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು.

ಊಟದ ನಂತರ ಈ ಶೂಟಿಂಗ್ ಕ್ಲಬ್ಬಿಗೆ ಬರುವುದು ಅಲ್ಲಿನ ರೂಢಿ. ಸದಸ್ಯನೊಬ್ಬ ತೀರಿಕೊಂಡ ಮೇಲೆ ಅವನಿಗೆ ಹತ್ತಿರದವರು ಒಬ್ಬರು ಅವನದೇ ಪಿಸ್ತೂಲಿನಿಂದ ಬಿಳಿ ಬಣ್ಣ ಬಳಿದ ಕಬ್ಬಿಣದ ತಟ್ಟೆಗೆ ಒಂದು ಗುಂಡು ಹೊಡೆಯಬೇಕು, ಒಂದೇ ಒಂದು. ಈ ಸಲ ಅದು ಎಮಿಲ್‌ನ ಹಳೇ ಗೆಳೆಯ ಸ್ಟ್ಯಾನ್‌ನ ಪಾಲಿಗೆ ಬಂದಿತ್ತು. ತಟ್ಟೆ ಠಣ್ ಎಂದರೆ ಅದನ್ನು ಗುಂಡಿನ ಕಲೆಯ ಸಮೇತ ಬೇಲಿಗೆ ನೇತುಹಾಕುತ್ತಾರೆ. ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ, ತಟ್ಟೆ ಮಾತ್ರ ಸುಮ್ಮನೆ ಪಂದ್ಯದ ತಟ್ಟೆಗಳ ರಾಶಿಗೆ ಸೇರುತ್ತದೆ. ಬೇಲಿಯಲ್ಲಿ ಆಗ್ನೆಸ್‌ಳ ಅಪ್ಪನ ತಟ್ಟೆಯಿತ್ತು, ಅಣ್ಣನದಿತ್ತು. ಗಂಡನದು ರಾಶಿಗೆ ಹೋಗುವುದನ್ನು ಅವಳು ನೋಡಲಾರಳು.

"ಕೂರದಿದ್ರೆ ಹೋಗ್ಲಿ, ಹ್ಯಾಗೋ ಹಿಡ್ಕೋಬಹುದು," ಎಂದ ಸ್ಟ್ಯಾನ್, ದನಿ ತಗ್ಗಿಸಿ. "ಹೊಡೀಬೇಕಲ್ಲ ಇದು? ಹೋದ ವರ್ಷದ ಹಾಗೆ ಟುಸ್ ಅಂದ್ರೆ?"

ಹೋದ ವರ್ಷದ್ದು ಯಾರೂ ಮರೆತಿರಲಿಲ್ಲ. ಈ ಜಾತಿಯ ಪಿಸ್ತೂಲಿನಲ್ಲಿ ಮೊದಲ ಗುಂಡೇ ಕಷ್ಟದ್ದು. ಹಿಂದಿರುವ ಪುಟ್ಟ ಸುತ್ತಿಗೆಯನ್ನು ಎತ್ತುವುದೂ ಬೀಳಿಸುವುದೂ ಟ್ರಿಗರ್‌ನ ಒಂದೇ ಎಳೆತದಲ್ಲಿ ಆಗಬೇಕು, ಹಾಗಾಗಿ ಆ ಎಳೆತ ಉದ್ದ ಮತ್ತು ಭಾರ. ಎರಡನೆಯ ಗುಂಡಿನಿಂದ ಪಿಸ್ತೂಲು ತಾನೇ ಸುತ್ತಿಗೆ ಎತ್ತಿಕೊಳ್ಳುತ್ತದೆ, ಕೆಲಸ ಹಗುರ. ಮೊದಲ ಸಲವೂ ಹೆಬ್ಬೆರಳಿನಿಂದ ಸುತ್ತಿಗೆ ಎತ್ತಿಟ್ಟುಕೊಂಡು ಹೊಡೆಯಬಹುದು ನಿಜ, ಆದರೆ ಈ ಕ್ಲಬ್ಬಿನಲ್ಲಿ ಅದನ್ನು ಮೋಸ ಅನ್ನುತ್ತಾರೆ. ಎಮಿಲ್ ಆ ಮೊದಲ ಎಳೆತವನ್ನು ಹಗುರ ಮಾಡುತ್ತೇನೆಂದು ಸ್ಪ್ರಿಂಗ್ ಸಡಿಲಿಸಿ ಸಡಿಲಿಸಿ, ಕೊನೆಗೆ ಸುತ್ತಿಗೆಗೆ ಗುಂಡು ಸಿಡಿಸುವ ಕಸುವೇ ಉಳಿಯಲಿಲ್ಲ. ಜನ ತುಂಬಿದ್ದ ಪಂದ್ಯದಲ್ಲಿ ಅವನ ಪಿಸ್ತೂಲು ಟಕ್ ಎಂದು ಸುಮ್ಮನಾಯಿತು. ಅಂದಿನಿಂದ ಅವನು 'ಟುಸ್ ಎಮಿಲ್'. ಅವನೂ ಎಲ್ಲರ ಜೊತೆ ನಕ್ಕು, ಮನೆಗೆ ಹೋಗಿ ಮತ್ತೆ ಅರ ಹಿಡಿದು ಕೂತಿದ್ದ.

* * *

ಎಮಿಲ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಪೊಲೀಸರು ಬಳಸಿ ಬಿಟ್ಟ ಒಂದು ಹಳೇ ಪಿಸ್ತೂಲು ಕೊಂಡು ತಂದು, ಮೂರು ಚಳಿಗಾಲ ಗ್ಯಾರೇಜಿನಲ್ಲಿ ಅದರ ಜೊತೆಯೇ ಸಂಸಾರ ಮಾಡಿದ. ಒಳಗಿನ ಒಂದೊಂದು ತುಂಡನ್ನೂ ಬಿಚ್ಚಿ, ಉಜ್ಜಿ, ಬಟ್ಟೆಯಲ್ಲಿ ಒರೆಸಿ, ದೀಪಕ್ಕೆ ಹಿಡಿದು ನೋಡುತ್ತಿದ್ದ.

"ಚೆನ್ನಾಗಿರೋದನ್ನ ಕೆಡಿಸೋದಕ್ಕೆ ಇಷ್ಟು ಕಷ್ಟ ಪಡೋರನ್ನ ನಾನು ನೋಡೇ ಇಲ್ಲ," ಎಂದು ಆಗ್ನೆಸ್ ಬಾಗಿಲಲ್ಲೇ ನಿಂತು ಅನ್ನುತ್ತಿದ್ದಳು.

ಒಂದು ಸಂಜೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಹಿಡಿದು ಅಡುಗೆಮನೆಗೆ ಬಂದ.

"ಈ ಕೊಕ್ಕೇಗೆ ತೋರುಬೆರಳು ಹಾಕಿ ಎಳಿ. ನೋವು ಶುರುವಾದ ತಕ್ಷಣ ನಿಲ್ಸು."

"ಯಾಕೆ?"

"ಡಾಕ್ಟರ್ ಕೇಳಿದಾರೆ."

ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಚಾಕು ಹಿಡಿದೂ ಹಿಡಿದೂ ಆಗ್ನೆಸ್‌ಳ ಬೆರಳುಗಳು ಸೊಟ್ಟಗಾಗಿದ್ದವು. ಡಾಕ್ಟರ್ ಕೇಳಿದ್ದರೆ ಕೇಳಿರಲಿ ಎಂದು ಎಳೆದಳು. ಇನ್ನೊಂದು ದಿನ ಅವಳು ಕೊಲಾಚಿಗೆ ಹಿಟ್ಟು ನಾದುತ್ತಿದ್ದಾಗ ಬಂದು, "ಒಂದು ಮುದ್ದೆ ಗಟ್ಟಿಯಾಗಿ ಹಿಡ್ಕೋ, ಸಿಟ್ಟು ಬಂದಾಗ ನನ್ನ ಕತ್ತು ಹಿಡೀತೀಯಲ್ಲ ಹಾಗೆ," ಎಂದ. ಹಿಡಿದಳು. ಅವನು ಆ ಮುದ್ದೆಯನ್ನು ತಟ್ಟೆಯಲ್ಲಿಟ್ಟುಕೊಂಡು ಗ್ಯಾರೇಜಿಗೆ ಓಡಿದ.

"ಏಯ್! ಎಲ್ಲಿಗೆ ನನ್ನ ಹಿಟ್ಟು?"

"ಇಲಿ ಬೋನಿಗೆ!"

ಮರುದಿನ ಪೆಚ್ಚುಮೋರೆ ಹಾಕಿಕೊಂಡು ಮತ್ತೆ ಬಂದ. "ಅದು ಉಬ್ಬಿಬಿಟ್ಟಿದೆ. ಉಬ್ಬದೇ ಇರೋ ಹಿಟ್ಟು ಇಲ್ವಾ?"

"ಇಲಿಗೆ ಉಬ್ಬಿದ್ರೇನು, ಬಿಟ್ರೇನು?"

"ಈ ಇಲಿ ಭಾರೀ ನಾಜೂಕು ಕಣೆ."

ಸೂಪಿನ ಶಾವಿಗೆಗೆ ಕಲಸಿದ ಹಿಟ್ಟಿನಲ್ಲಿ ಇನ್ನೊಂದು ಮುದ್ದೆ ಹಿಡಿದುಕೊಟ್ಟಳು. ತಿಂಗಳುಗಟ್ಟಲೆ ಚರ್ಚಿನ ಹೆಂಗಸರ ಮುಂದೆ ಹೇಳಿಕೊಂಡು ನಕ್ಕಳು, ನಮ್ಮನೆ ಇಲಿಗೆ ದಿನಾ ಭಾನುವಾರದ ಊಟ ಎಂದು.

ಇದೇ ವಾರ, ಸೋಮವಾರ, ಎಮಿಲ್ "ಈ ಶನಿವಾರ ಕ್ಲಬ್ಬಿಗೆ ಬಾ, ನಿನಗೊಂದು ತೋರಿಸ್ಬೇಕು," ಎಂದಿದ್ದ. "ಆ ಗಾಳೀಲಿ ನಾನ್ಯಾಕೆ ಬರ್ಲಿ," ಎಂದಿದ್ದಳು ಅವಳು. ಮಂಗಳವಾರ ಬೆಳಿಗ್ಗೆ ಕಾಫಿ ಲೋಟದ ಮುಂದೆ ಅವನ ಎದೆಬಡಿತ ನಿಂತುಹೋಯಿತು.

* * *

"ಇದು ಆಗೋದಲ್ಲ," ಎಂದ ಸ್ಟ್ಯಾನ್. "ನನ್ನ ಪಿಸ್ತೂಲಲ್ಲೇ ಹೊಡೀತೀನಿ. ತಟ್ಟೆ ಬೇಲಿಗೆ ಬಂದ್ರೆ ಸಾಕು, ಅಲ್ವಾ?"

ಹಾಗೆ ಯಾರ ತಟ್ಟೆಯೂ ಬೇಲಿಗೆ ಬಂದಿರಲಿಲ್ಲ. ಆಗ್ನೆಸ್ ಬೆಂಚಿನಿಂದ ಎದ್ದಳು.

"ಕೊಡು ಇಲ್ಲಿ ಅದನ್ನ. ಪೆಟ್ಟಿಗೇಲಿಟ್ಟು ಮನೆಗೆ ತಗೊಂಡು ಹೋಗ್ತೀನಿ. ಇಷ್ಟು ಜನ ಆಡ್ಕೊಂಡಿದ್ದು ಸಾಕು."

ಸ್ಟ್ಯಾನ್ ತಲೆ ತಗ್ಗಿಸಿ ಕೊಟ್ಟ. ಆಗ್ನೆಸ್ ಹಳೇ ಅಭ್ಯಾಸದಂತೆ ಮೊದಲು ಒಳಗೆ ಗುಂಡಿಲ್ಲವೆಂದು ನೋಡಿಕೊಂಡಳು. ಆಮೇಲೆ ಕೈ ಮುಚ್ಚಿದಳು.

ಪಕ್ಕಕ್ಕೆ ವಾಲಿದ್ದ ಅವಳ ಉಂಗುರದ ಬೆರಳು ಸ್ಟ್ಯಾನ್ ಬೈದ ಆ ಗುಂಡಿಯೊಳಗೆ ಹೋಗಿ ಕೂತಿತು. ಆ ಉಬ್ಬು ಅವಳ ಅಂಗೈಯ ಹಳ್ಳ ತುಂಬಿತು. ಕೊಟ್ಟಿಗೆಯ ಹಿಂದೆ ಬಿದ್ದ ಅಕ್ರೋಟು ಮರದ್ದು ಆ ಹಿಡಿ. ಮರ ಬಿದ್ದಾಗ ಇಬ್ಬರೂ ಸೇರಿ ಗರಗಸ ಎಳೆದಿದ್ದರು. ಆಗ್ನೆಸ್ ಬೆರಳು ಬಿಚ್ಚಿ ಮತ್ತೆ ಮುಚ್ಚಿದಳು. ಎಲ್ಲೂ ನೋಯಲಿಲ್ಲ.

"ಇಲಿ ಇರ್ಲೇ ಇಲ್ಲ," ಎಂದಳು.

"ಏನಮ್ಮಾ?" ಮಾರ್ಸೆಲಾ ಗಾಬರಿಯಿಂದ ಹತ್ತಿರ ಬಂದಳು.

"ನಮ್ಮನೇಲಿ ಇಲಿ ಇರ್ಲೇ ಇಲ್ಲ ಕಣೇ. ಸುಳ್ಳ! ಕಳ್ಳ ನನ್ಮಗ!" ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. "ಸ್ಟ್ಯಾನ್, ಒಂದು ಗುಂಡು ತಾ. ಕಿವಿಗೆ ಹಾಕ್ಕೊಳ್ಳೋದೂ ತಾ."

"ಅಮ್ಮ, ಬೇಡ! ನಿನ್ ಕೈಲಿ ಒಂದು ಬಾಟ್ಲಿ ಮುಚ್ಚಳ ತೆಗೆಯಕ್ಕಾಗಲ್ಲ."

"ಮುಚ್ಚಳ ನಿಮ್ಮಪ್ಪ ಮಾಡಿದ್ದಲ್ವಲ್ಲ."

* * *

ಆಗ್ನೆಸ್ ಒಂದು ಕಾಲಕ್ಕೆ ಆ ಕ್ಲಬ್ಬಿನಲ್ಲಿ ಯಾರಿಗೂ ಸೋಲದವಳು. ಎಮಿಲ್‌ಗಂತೂ ಅವಳನ್ನು ಗೆಲ್ಲಲು ಒಂದು ಸಲವೂ ಆಗಿರಲಿಲ್ಲ. ಮದುವೆಗೆ ಕೇಳಿದ್ದೂ ಸೋತ ದಿನವೇ.

ಒಂದು ಪಂದ್ಯದಲ್ಲಿ ಅವಳ ಬೆರಳು ಟ್ರಿಗರ್‌ನ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಎಷ್ಟು ಎಳೆದರೂ ಬರಲಿಲ್ಲ. "ಸುತ್ತಿಗೆ ಎತ್ತಿಟ್ಕೊಂಡೇ ಹೊಡಿ ಆಗ್ನೆಸ್, ನಾವೇನೂ ಅನ್ನಲ್ಲ," ಎಂದು ಯಾರೋ ಕರುಣೆಯಿಂದ ಕೂಗಿದರು. ಆ ಕರುಣೆಯೇ ಅವಳಿಗೆ ತಡೆಯಲಾಗಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲಿಟ್ಟು, "ನನ್ನದು ಮುಗೀತು," ಎಂದು ಎಮಿಲ್‌ಗೆ ಹೇಳಿ ಕಾರಿನಲ್ಲಿ ಹೋಗಿ ಕೂತಳು. ಎಮಿಲ್ ಆ ಹಳೇ ಪಿಸ್ತೂಲು ಕೊಂಡು ತಂದದ್ದು ಅದರ ಮುಂದಿನ ಚಳಿಗಾಲ.

* * *

ಆಗ್ನೆಸ್ ಸಾಲಿನಲ್ಲಿ ನಿಂತಳು. ಗಾಳಿಗೆ ಕಪ್ಪು ಲಂಗ ಕಾಲಿಗೆ ಬಡಿಯುತ್ತಿತ್ತು. ದೂರದಲ್ಲಿ ಎಮಿಲ್‌ನ ತಟ್ಟೆ ಬೆಳ್ಳಗೆ ನಿಂತಿತ್ತು. ಸುತ್ತಿಗೆ ಕೆಳಗೇ ಇತ್ತು, ಅವಳು ಅದನ್ನು ಮುಟ್ಟಲಿಲ್ಲ.

'ಶನಿವಾರ ಬಾ ಅಂದಿದ್ದೆ. ಬಂದಿದೀನಿ ನೋಡು.'

ಬೆರಳು ಎಳೆಯತೊಡಗಿತು. ಹಿಂದೊಮ್ಮೆ ನಿಂತುಹೋಗಿದ್ದ ಜಾಗ ಬಂತು. ಆಗ್ನೆಸ್ ನೋವಿಗೆ ಕಾದಳು. ನೋವು ಬರಲಿಲ್ಲ. ಎಣ್ಣೆ ಬಿಟ್ಟ ಬಾಗಿಲಿನಂತೆ ಟ್ರಿಗರ್ ಸದ್ದಿಲ್ಲದೆ ಹಿಂದಕ್ಕೆ ಬರುತ್ತಲೇ ಇತ್ತು, ಸುತ್ತಿಗೆ ಏಳುತ್ತಲೇ ಇತ್ತು. ಸ್ಟ್ಯಾನ್ ಕಣ್ಣು ಮುಚ್ಚಿಕೊಂಡ. ಟಕ್ ಎನ್ನುವ ಆ ಹಾಳು ಸದ್ದನ್ನು ಇನ್ನೊಮ್ಮೆ ಕೇಳುವ ಧೈರ್ಯ ಅವನಿಗಿರಲಿಲ್ಲ.

ಢಂ!

ಠಣ್ ಎಂದಿತು ತಟ್ಟೆ. ಆ ಸದ್ದು ಬಯಲಿನಾಚೆಯ ಧಾನ್ಯದ ಕಣಜಕ್ಕೆ ಬಡಿದು ಮತ್ತೆ ಬಂತು.

ಲ್ಯಾಡಿ ಟೋಪಿ ಮೇಲೆ ಎಸೆದ. ಮಣ್ಣು ಮಾಡಿ ಬಂದವರೆಂಬುದನ್ನೂ ಮರೆತು ಜನ ಹುಯ್ಯಲೆಬ್ಬಿಸಿದರು, ಪಾದ್ರಿಯೂ ಶಿಳ್ಳೆ ಹಾಕಿದರು. ಸ್ಟ್ಯಾನ್ ಓಡಿಹೋಗಿ ತಟ್ಟೆ ಕಳಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಮಧ್ಯಕ್ಕೆ! ನಟ್ಟನಡುವಿಗೆ!"

"ಬೆರಳು ಕೂರಲ್ವಂತೆ?" ಎಂದು ಕೂಗಿದಳು ಆಗ್ನೆಸ್.

"ಬೇರೆಯವ್ರ ಚಪ್ಪಲಿಗೆ ಕಾಲು ತುರುಕಿದ್ದೆ ಕಣೆ, ತಪ್ಪಾಯ್ತು! ಟುಸ್ ಅಂದಿದ್ದೂ ತಪ್ಪಾಯ್ತು!"

ತಟ್ಟೆಯನ್ನು ಬೇಲಿಯಲ್ಲಿ ಅವಳ ಅಪ್ಪನದರ ಪಕ್ಕ ನೇತುಹಾಕಿದರು. ಕಲೆಯ ಮೇಲೆ ಆಗ್ನೆಸ್ ಸೊಟ್ಟ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು. ಜನ ಒಬ್ಬೊಬ್ಬರಾಗಿ ಕಾರುಗಳ ಕಡೆ ಹೊರಟರು. ಸ್ಟ್ಯಾನ್ ರಾಶಿಯಿಂದ ಇನ್ನೊಂದು ತಟ್ಟೆ ಎಳೆದು ನಿಲ್ಲಿಸಿ, ಮುಂದಿನ ಪಂದ್ಯಕ್ಕೆಂದು ಬಿಳಿ ಬಣ್ಣ ಬಳಿಯತೊಡಗಿದ.

"ಅಮ್ಮ, ಹೋಗೋಣ್ವಾ? ಗಾಳಿ ಜೋರಾಯ್ತು," ಎಂದಳು ಮಾರ್ಸೆಲಾ.

ಆಗ್ನೆಸ್‌ಗೆ ಅದು ಕೇಳಿಸಲಿಲ್ಲ. ಅವಳು ಮತ್ತೆ ಸಾಲಿಗೆ ಬಂದು ನಿಂತಿದ್ದಳು. ಕಿವಿಗೆ ಹಾಕಿಕೊಂಡಿದ್ದನ್ನು ಇನ್ನೂ ತೆಗೆದಿರಲಿಲ್ಲ. ಖಾಲಿ ಪಿಸ್ತೂಲು ಮುಂದಿನ ಮೇಜಿನ ಮೇಲಿತ್ತು, ಒಂದು ಕೈ ಅದರ ಹಿಡಿಯ ಮೇಲಿತ್ತು, ಕಣ್ಣು ಒಣಗುತ್ತಿದ್ದ ಬಣ್ಣದ ಮೇಲಿತ್ತು.