ಸಿಲೋನಿಗೆ ಹೋದ ಫಿಯಟ್ಟು

ಕಾರನ್ನು ಸಿಲೋನಿಗೆ ತೆಗೆದುಕೊಂಡು ಹೋಗುತ್ತೇನೆ ಎಂದು ಧರ್ಮಪ್ಪ ಹೇಳಿದಾಗ ಅವನ ತಾಯಿ ಹುಲಿಯಮ್ಮ ಅಕ್ಕಿ ಕೇರುವುದನ್ನು ನಿಲ್ಲಿಸಿದರು.

"ನಡುವೆ ಸಮುದ್ರ ಇಲ್ವೇನಾ?"

"ಹಡಗಲ್ಲಿ ಹಾಕ್ತಾರಮ್ಮ."

"ಕಾರನ್ನ? ಎಂತಕ್ಕೆ?"

ಅವು ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳು. ತನ್ನೂರು ಸಾಗರದಿಂದ ಅಲ್ಲಿಗೆ ಮರಳು ಸಾಗಿಸುವ ಗುತ್ತಿಗೆ ಹಿಡಿದಿದ್ದ ಅವನು ಯಾರೋ ಬಳಸಿ ಬಿಟ್ಟ ಫಿಯಟ್ ಕಾರೊಂದನ್ನು ಕೊಂಡಿದ್ದ. ಅಣೆಕಟ್ಟಿನಲ್ಲಿ ಕ್ರೇನ್ ನಡೆಸುತ್ತಿದ್ದ ತಮಿಳರೊಬ್ಬರು ಹಿಂದೆ ಕೊಲಂಬೊದಲ್ಲಿ ಇದ್ದವರು. ಊಟದ ಹೊತ್ತಿನಲ್ಲಿ ಅವರು ಅಲ್ಲಿಯ ಕಟುಕುರುಂದ ಎಂಬ ಊರಿನ ಮಾತು ತೆಗೆಯುತ್ತಿದ್ದರು. ಯುದ್ಧಕಾಲದಲ್ಲಿ ವಿಮಾನ ಇಳಿಸಲು ಮಾಡಿದ ಬಯಲಂತೆ. ಈಗ ಅಲ್ಲಿ ಮೋಟಾರು ಪಂದ್ಯವಂತೆ. ಇಂಡಿಯಾದಿಂದಲೂ ಜನ ಹೋಗುತ್ತಾರಂತೆ. ಮನೆಬಳಕೆಯ ಸಣ್ಣ ಕಾರುಗಳಿಗೇ ಬೇರೆ ಓಟವಿದೆಯಂತೆ. ಕೇಳಿ ಕೇಳಿ ಧರ್ಮಪ್ಪನಿಗೆ ಹುಚ್ಚು ಹಿಡಿಯಿತು. ಬೆಂಗಳೂರಿನ ಮೋಟಾರು ಸಂಘದವರನ್ನು ಹಿಡಿದು ಅನುಮತಿಯನ್ನೂ ಮಾಡಿಸಿಕೊಂಡು ಬಂದಿದ್ದ.

"ಎದುರಿಂದ ಬಸ್ಸು, ದನ ಯಾವ್ದೂ ಬರ್ದೇ ಇರೋ ರಸ್ತೇಲಿ ಒಂದ್ಸಲ ಕಾರು ಬಿಡ್ಬೇಕಮ್ಮ. ಅಷ್ಟೇ" ಎಂದ.

ಹುಲಿಯಮ್ಮ ಸೊಸೆಯ ಮುಖ ನೋಡಿದರು. ದುಗ್ಗಮ್ಮ ಎದ್ದು ಒಳಗೆ ಹೋದಳು.

ದುಗ್ಗಮ್ಮ ಹೊಸನಗರದವಳು. ಅವಳ ಮದುವೆಗೆ ಮುಂಚೆ ಅಣ್ಣ ಬೆಳ್ಳಪ್ಪನ ಲಾರಿ ಹುಲಿಕಲ್ ಘಾಟಿಯಲ್ಲಿ ಕಣಿವೆಗೆ ಬಿದ್ದಿತ್ತು. ಅಂದು ಬೆಳಗಿನಿಂದ ಸಂಜೆಯವರೆಗೆ ಬಂದ ಬಂದವರೆಲ್ಲ ಒಂದೊಂದು ಸುದ್ದಿ ತಂದರು. ಕಾಲು ಮುರಿದಿದೆ ಎಂದರು, ಮಾತಾಡುತ್ತಿದ್ದಾನೆ ಎಂದರು, ಆಸ್ಪತ್ರೆಗೆ ಒಯ್ದಿದ್ದಾರೆ ಎಂದರು. ಕೊನೆಗೆ ಹೆಣ ಬಂತು. ಆಮೇಲಿಂದ ಅವಳಿಗೆ ಗಾಡಿಯ ಭಯಕ್ಕಿಂತ ಬಾಗಿಲಲ್ಲಿ ಕೂತು ಕಾಯುವ ಭಯವೇ ದೊಡ್ಡದಾಯಿತು. ಧರ್ಮಪ್ಪ ಅಣೆಕಟ್ಟಿನ ಸೈಟಿನಿಂದ ಬರುವುದು ಸ್ವಲ್ಪ ತಡವಾದರೂ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಗಂಡ ಒಳಗೆ ಬಂದಾಗ ಅವಳು, "ನಾನೂ ಬರ್ತೀನಿ" ಎಂದಳು.

"ನೀನು ಬಂದು ಅಲ್ಲೆಂತ ಮಾಡ್ತೀಯ?"

"ಇಲ್ಲಿ ಕೂತು ಎಂತ ಮಾಡ್ಲಿ? ಕಾಯಕ್ಕೆ ನನ್ನ ಹತ್ರ ಆಗಲ್ಲ. ಏನಾಗೋದಿದ್ರೂ ಕಣ್ಣೆದುರಿಗೇ ಆಗ್ಲಿ."

ಸಂಕ್ರಾಂತಿ ಕಳೆದ ಮೇಲೆ ಹೊರಟರು. ಹೊಸನಗರದಲ್ಲಿ ಅವಳ ತವರಿಗೆ ಹೋದಾಗ ಅವಳು ಸಿಲೋನಿನ ಮಾತನ್ನೇ ಎತ್ತಲಿಲ್ಲ. ಮದರಾಸು ಕಡೆ ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದಳು. ತೀರ್ಥಹಳ್ಳಿಯಲ್ಲಿ ಗ್ಯಾರೇಜಿನ ಜಟ್ಟಿಂಗಪ್ಪ ಕಾರಿನಡಿ ನುಸುಳಿ ಬ್ರೇಕು ಬಿಗಿಮಾಡಿ, ಕೈ ಒರೆಸಿಕೊಳ್ಳುತ್ತ ದುಗ್ಗಮ್ಮನಿಗೆ, "ಬ್ರೇಕ್ ನಂಬಬಹುದು ತಂಗಿ. ಇವ್ನನ್ನ ಮಾತ್ರ ನಂಬಬೇಡ" ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ. ಅವಳು ನಕ್ಕಿದ್ದು ತೂತುಕುಡಿ ಬಂದರಿನಲ್ಲಿ. ಹಡಗಿನ ಕ್ರೇನು ಫಿಯಟ್ಟನ್ನು ಹಗ್ಗದಲ್ಲಿ ಮೇಲಕ್ಕೆತ್ತಿದಾಗ, ನೀರಿನ ಮೇಲೆ ತೂಗಾಡುವ ಕಾರನ್ನು ನೋಡಲಾಗದೆ ಧರ್ಮಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಕಟುಕುರುಂದದಲ್ಲಿ ಜನ ಕಿಕ್ಕಿರಿದಿದ್ದರು. ಕಡಲ ಗಾಳಿ ಬೀಸುತ್ತಿತ್ತು. ದುಗ್ಗಮ್ಮನಿಗೆ ಮರದ ಅಟ್ಟಣೆಯ ಮೇಲೆ ಜಾಗ ಸಿಕ್ಕಿತು. ಕಾರುಗಳು ಅವಳೆದುರೇ ಹೊರಟು, ನೇರ ಹಾದಿಯಲ್ಲಿ ಓಡಿ, ಹಳೇ ಶೆಡ್ಡುಗಳ ಹಿಂದೆ ಮರೆಯಾಗಿ, ಸುತ್ತಿ ಬಂದು ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಮರೆಯಾದಷ್ಟು ಹೊತ್ತೂ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

ಧರ್ಮಪ್ಪ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತಿದ್ದ. ಘಾಟಿಯ ಅಭ್ಯಾಸ, ತಿರುವು ಕಂಡರೆ ಅವನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಎದುರಿಂದ ಯಾರೂ ಬಾರದ ಆ ದಾರಿಯಲ್ಲಿ ಹಾರ್ನ್ ಕೇಳಿ ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಕೂತಿದ್ದ ಸಿಂಹಳದ ಹೆಂಗಸು ನಗುತ್ತ ಕಾರನ್ನೂ ಇವಳನ್ನೂ ತೋರಿಸಿ ಕೈಸನ್ನೆಯಲ್ಲೇ, ನಿಮ್ಮವರಾ ಎಂದು ಕೇಳಿದಳು. ದುಗ್ಗಮ್ಮ ನಾಚಿ ತಲೆಯಾಡಿಸಿದಳು.

ಆಗ ಸಣ್ಣಗೆ ಮಳೆ ಹನಿಯಿತು. ರಸ್ತೆ ಕಪ್ಪಗೆ ಹೊಳೆಯತೊಡಗಿತು. ಮುಂದಿನ ಸುತ್ತಿನಲ್ಲಿ ಕಾರುಗಳು ಶೆಡ್ಡುಗಳ ಹಿಂದೆ ಹೋದವೋ ಇಲ್ಲವೋ, ತಗಡು ಹರಿದಂಥ ಸದ್ದು ಕೇಳಿ ಹೊಗೆಯೆದ್ದಿತು. ಜನ ಎದ್ದು ನಿಂತರು. ಮೊದಲ ಕಾರು ಬಂತು. ಅದರ ಹಿಂದೆ ಇನ್ನೊಂದು. ಇನ್ನೂ ಕೆಲವು ಬಂದವು. ಫಿಯಟ್ ಬರಲಿಲ್ಲ.

ಧ್ವನಿವರ್ಧಕ ಏನೇನೋ ಹೇಳುತ್ತಿತ್ತು, ಅವಳಿಗೆ ಅರ್ಥವಾಗದ ಭಾಷೆಯಲ್ಲಿ. ಕಣ್ಣೆದುರಿಗೇ ಆಗಲಿ ಎಂದು ಇಷ್ಟು ದೂರ ಬಂದರೂ ಆಗುವುದು ಶೆಡ್ಡಿನ ಹಿಂದೆಯೇ ಆಗಿಹೋಯಿತಲ್ಲ ಎನಿಸಿತು ಅವಳಿಗೆ. ಅಟ್ಟಣೆ ಇಳಿದು, ಹಗ್ಗದ ಕೆಳಗೆ ತೂರಿ, ಹುಲ್ಲಿನ ಮೇಲೆ ಓಡಿದಳು. ಪೊಲೀಸಿನವನೊಬ್ಬ ಅಡ್ಡ ಬಂದು ತೋಳು ಹಿಡಿದ.

"ಬಿಡಿ, ನಮ್ಮನೆಯವ್ರು ಅಲ್ಲಿದಾರೆ, ಬಿಡಿ!" ಎಂದು ಅವಳು ಕನ್ನಡದಲ್ಲೇ ಕೂಗಿದಳು.

ಅಷ್ಟರಲ್ಲಿ ಶೆಡ್ಡುಗಳ ಹಿಂದಿನಿಂದ ಹಾರ್ನ್ ಕೇಳಿತು. ಉದ್ದಕ್ಕೆ ಒಂದು ಸಲ. ತಡೆದು ಮತ್ತೊಂದು ಸಲ. ಅದು ತಮ್ಮ ಕಾರಿನದೇ, ಗಂಟಲು ಕಟ್ಟಿದವರ ಕೂಗಿನಂಥ ಅದರ ಸದ್ದು ಅವಳಿಗೆ ಬೇರೆ ಹೇಳಿಕೊಡಬೇಕೇ? ದುಗ್ಗಮ್ಮ ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತಳು. ಪೊಲೀಸಿನವನು ಗಾಬರಿಯಾಗಿ ನೀರು ತರಲು ಓಡಿದ.

ಫಿಯಟ್ ನಿಧಾನವಾಗಿ ಬಂತು. ಧರ್ಮಪ್ಪನ ಪಕ್ಕದಲ್ಲಿ ಹಣೆಗೆ ಬಟ್ಟೆ ಒತ್ತಿಕೊಂಡ ಯುವಕನೊಬ್ಬ ಕೂತಿದ್ದ. ಮುಂದೆ ಹೋಗುತ್ತಿದ್ದ ಅವನ ಕಾರು ಜಾರಿ ಮಗುಚಿತ್ತು. ಧರ್ಮಪ್ಪ ನಿಲ್ಲಿಸಿ ಅವನನ್ನು ಎಳೆದು ಹೊರತೆಗೆದಿದ್ದ. ಡಾಕ್ಟರ ಡೇರೆಯೆದುರು ಇಳಿದ ಯುವಕ ಮೊದಲು ಕೇಳಿದ್ದು ಸಿಗರೇಟು. ಅದನ್ನು ಕೇಳಿ ಸುತ್ತಲಿದ್ದವರೆಲ್ಲ ನಿಟ್ಟುಸಿರು ಬಿಟ್ಟು ನಕ್ಕರು. ಧರ್ಮಪ್ಪ ಉಳಿದ ಸುತ್ತು ಮುಗಿಸಿ ಎಲ್ಲರಿಗಿಂತ ಕಡೆಗೆ ಬಂದ. ಇಳಿದು ನೋಡಿದರೆ ದುಗ್ಗಮ್ಮ ಅಳುತ್ತಿದ್ದಳು.

"ಎಂತಕ್ಕೆ ಅಳ್ತೀಯ ಮಾರಾಯ್ತಿ? ನಂಗೇನಾಗಿದೆ?"

"ಆಗ ಅಳು ಬರ್ಲಿಲ್ಲ. ಈಗ ಬರ್ತಿದೆ, ಅತ್ತುಬಿಡ್ತೀನಿ" ಎಂದಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಹಾರ್ನ್ ಕೇಳಿಸ್ತು" ಎಂದಳು.

"ಕೊನೇ ಎರಡು ನಿಂಗೆ ಕೇಳ್ಲಿ ಅಂತಾನೇ ಹೊಡ್ದಿದ್ದು."

ಸಂಜೆ ಪಂದ್ಯಗಳೆಲ್ಲ ಮುಗಿದ ಮೇಲೆ, ಊರವರು ತಮ್ಮ ತಮ್ಮ ಕಾರು ತಂದು ಒಂದೊಂದು ಸುತ್ತು ಹಾಕತೊಡಗಿದರು. ದುಗ್ಗಮ್ಮ ಗಂಡನನ್ನು ಕೇಳಿದಳು, "ಆ ಶೆಡ್ಡಿನ ಹಿಂದೆ ಎಂತ ಇದೆ?"

"ಬಾ, ನೀನೇ ನೋಡು" ಎಂದು ಧರ್ಮಪ್ಪ ಚಾಲಕನ ಬಾಗಿಲು ತೆರೆದು ತಾನು ಆಚೆ ಬದಿಗೆ ಹೋಗಿ ಕೂತ. ಸಾಗರದ ಮೈದಾನದಲ್ಲಿ ಅವನು ಒಂದೆರಡು ಸಲ ಕಲಿಸಲು ನೋಡಿದ್ದ. ಆಗೆಲ್ಲ ಅವಳು ಅರ್ಧಕ್ಕೇ ಇಳಿದುಬಿಡುತ್ತಿದ್ದಳು. ಇಂದು ಇಳಿಯಲಿಲ್ಲ. ಸೈಕಲ್ಲಿನವನೂ ಹಿಂದೆ ಹಾಕುವಷ್ಟು ನಿಧಾನಕ್ಕೆ ಕಾರು ನಡೆಸಿಕೊಂಡು ಶೆಡ್ಡುಗಳನ್ನು ದಾಟಿದಳು. ಅಲ್ಲಿ ನಾಲ್ಕಾರು ತೆಂಗಿನಮರ, ಕಟ್ಟಿದ ಒಂದು ಹಸು, ರಸ್ತೆಯ ಮೇಲೆ ಟೈರು ಉಜ್ಜಿದ ಕರಿ ಗೆರೆ. ಅಷ್ಟೇ. ತಿರುವು ಬಂತು. ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದೇ ಅವಳು ಕಾರನ್ನು ತಿರುಗಿಸಿದಳು.

"ಇಷ್ಟೇನಾ?" ಎಂದಳು.

"ಮತ್ತೆಂತ ಅಂದ್ಕೊಂಡಿದ್ದೆ?"

ಅವಳು ಇನ್ನೊಂದು ಸುತ್ತು ಹಾಕಿದಳು.

ಅವರು ಸಾಗರ ಮುಟ್ಟಿದಾಗ ಹುಲಿಯಮ್ಮ ಅಂಗಳಕ್ಕೆ ಇಳಿದು ಬಂದು, ಮಗನ ತಲೆ, ಭುಜ, ಬೆನ್ನು ಸವರಿ ನೋಡಿದರು. ಆಮೇಲೆ ಸೊಸೆಯ ಕೈ ಹಿಡಿದುಕೊಂಡರು.

"ಗೆದ್ಯಾ?"

"ಇಲ್ಲಮ್ಮ, ಎಲ್ಲರಿಗಿಂತ ಕಡೇಗೆ ಬಂದೆ."

"ಬಂದ್ಯಲ್ಲ, ಸಾಕು. ಕೈಕಾಲು ತೊಳ್ಕೊಳಿ, ಊಟಕ್ಕೆ ಹಾಕ್ತೀನಿ."

ಉಂಡು ಚಾಪೆ ಹಾಸಿ ಒರಗಿದ ದುಗ್ಗಮ್ಮ ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಧರ್ಮಪ್ಪ ಸೈಟಿನ ಕಡೆ ಹೋಗಿ ಇನ್ನೂ ಬಂದಿರಲಿಲ್ಲ. ಆದರೂ ಅವನು ತಡಮಾಡಿದರೆ ಅನ್ನ ಇಳಿಯದಿದ್ದವಳಿಗೆ ಇಂದು ಗಾಢ ನಿದ್ದೆ. ಹಾಲು ತಂದ ಪಕ್ಕದ ಮನೆಯ ಕೆರಿಯಮ್ಮ ಸಿಲೋನಿನ ಸುದ್ದಿ ಕೇಳಬೇಕೆಂದು ಅವಳನ್ನು ಎಬ್ಬಿಸಲು ಹೋದಾಗ, ಹುಲಿಯಮ್ಮ ಬಾಗಿಲಿಗೆ ಅಡ್ಡ ನಿಂತು, "ಮಲ್ಗಲಿ ಬಿಡೇ, ನಾಳೆ ಬಾ" ಎಂದು ಮೆಲ್ಲಗೆ ಹೇಳಿ ಕಳಿಸಿದರು.