ಮುಂದಿನ ಚಿಪ್ ಬರುವವರೆಗೆ

ತರಕಾರಿ ಮಂಡಿಯಲ್ಲಿ ಅಕ್ಕನಿಗೆ ಮೈಕಕ್ಕ ಎಂದೇ ಹೆಸರು. ಹರಾಜು ಕೂಗುವುದು ಅವಳ ಕೆಲಸ. ಒಮ್ಮೆ ಮಂಡಿಯವರು ಅಕ್ಕರೆಯಿಂದ ಮೈಕು ತಂದುಕೊಟ್ಟಿದ್ದರು. ಅವಳು ಅದನ್ನು ಪಕ್ಕಕ್ಕಿಟ್ಟು ಟೊಮೆಟೊ ಕ್ರೇಟುಗಳ ಮೇಲೆ ಹತ್ತಿ ನಿಂತು ಕೂಗಿದಳು. ಗೇಟಿನಾಚೆ ಲಾರಿಯಲ್ಲಿ ಮಲಗಿದ್ದ ಡ್ರೈವರ್ ಬೆಚ್ಚಿಬಿದ್ದು ಎದ್ದು ಕೂತ. ಮೈಕು ಅವತ್ತೇ ಡಬ್ಬಿ ಸೇರಿತು, ಹೆಸರು ಮಾತ್ರ ಉಳಿಯಿತು.

ದರ ಏರಿಸುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕಿಂತ ಹೆಚ್ಚಾಗಿ, ಎಲ್ಲಿ ನಿಲ್ಲಿಸಬೇಕು ಎಂಬುದು ಅವಳಿಗೆ ಗೊತ್ತಿತ್ತು. ಮೀನಮೇಷ ಎಣಿಸುವ ವ್ಯಾಪಾರಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ತಗೋತೀಯೋ ಬಿಡ್ತೀಯೋ ಹೇಳು. ನೀನು ಯೋಚ್ನೆ ಮಾಡಿ ಮುಗಿಸೋ ಹೊತ್ತಿಗೆ ಇದು ಕೊಳೆತು ಗೊಬ್ಬರ ಆಗಿರುತ್ತೆ" ಎಂದು ಗದರಿಸಿ, "ಒಂದು ಸಾರಿ, ಎರಡು ಸಾರಿ, ಮೂರು ಸಾರಿ" ಎಂದು ಮುಗಿಸಿಬಿಡುತ್ತಿದ್ದಳು. ಆ ಮೂರನೆಯ 'ಸಾರಿ' ಬಿದ್ದ ಮೇಲೆ ದಮ್ಮಯ್ಯ ಅಂದರೂ ಅವಳು ಮತ್ತೆ ಬಾಯಿ ಬಿಡುತ್ತಿರಲಿಲ್ಲ.

ಇಂಥವಳ ತಮ್ಮ ಎಂಥವನಿರಬೇಕು! ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಅವನಿಗೆ ತಡಿಯಣ್ಣ ಎಂಬ ಅಡ್ಡಹೆಸರಿತ್ತು. ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಯಾರು ಬಂದು ಕೇಳಿದರೂ ಅವನ ಬಾಯಿಂದ ಮೊದಲು ಬರುವ ಮಾತು "ತಡಿ". ಯಾವ ಕಂಪನಿಯ ಯಾವ ಚಿಪ್ ಯಾವಾಗ ಬರುತ್ತದೆ, ಅದರಲ್ಲಿ ಹೊಸದೇನಿದೆ, ಅದು ಬಂದ ಮೇಲೆ ಹಳೆಯದರ ಮಾನ ಎಷ್ಟು ಹೋಗುತ್ತದೆ ಎಲ್ಲವೂ ನಾಲಗೆಯ ತುದಿಯಲ್ಲಿ. ಈಗ ಕೊಂಡರೆ ಮೂರ್ಖತನ, ಮುಂದಿನದು ಬರಲಿ. ಮುಂದಿನದು ಬಂದರೆ ಅದರ ಮುಂದಿನದು ಹೊಸ್ತಿಲಲ್ಲಿ ನಿಂತಿರುತ್ತಿತ್ತು. ಅವನ ಮಾತು ಕೇಳಿ ತಡೆದೂ ತಡೆದೂ ಒಬ್ಬ ಗುಮಾಸ್ತ ನಿವೃತ್ತನೇ ಆಗಿಬಿಟ್ಟ. ತಡಿಯಣ್ಣನ ಸ್ವಂತ ಲ್ಯಾಪ್‌ಟಾಪಿನಲ್ಲಿ ಎರಡು ಕೀಗಳು ಕಿತ್ತುಹೋಗಿದ್ದವು. ಆ ಜಾಗವನ್ನು ಬೆಂಕಿಕಡ್ಡಿಯಿಂದ ಒತ್ತುತ್ತಿದ್ದ. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು.

ಅಕ್ಕನಿಗೆ ತಮ್ಮನ ಈ ಚಾಳಿಯ ಬಗ್ಗೆ ನಗು, ಒಳಗೊಳಗೇ ಹೆಮ್ಮೆ. ಅಮ್ಮ ಬೇಗ ಹೋದದ್ದರಿಂದ ಅವನನ್ನು ಸಾಕಿದವಳೇ ಅವಳು. ತನ್ನ ಕೈಯಲ್ಲಿ ಬೆಳೆದವನಿಗೆ ಇಷ್ಟೆಲ್ಲ ಗೊತ್ತಿದೆಯಲ್ಲ ಎಂಬ ಖುಷಿಗೆ, ಅವನು ಹೇಳುವುದನ್ನು ಅರ್ಥವಾಗದಿದ್ದರೂ ತಲೆಯಾಡಿಸಿ ಕೇಳುತ್ತಿದ್ದಳು. ಅವನ ಮನೆಯ ಮುಂದಿನ ಕೋಣೆಯಲ್ಲೇ ಅವಳ ವಾಸ. ತಮ್ಮನ ಹೆಂಡತಿ ಅತ್ತಿಗೆ ಅತ್ತಿಗೆ ಎನ್ನುತ್ತ ಅವಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದಳು.

ಗಂಟಲು ಮೊದಲು ಒರಟಾಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರೂ ಅಂದುಕೊಂಡರು. ಡಾಕ್ಟರ್ ಒಳಗೆ ಕ್ಯಾಮೆರಾ ಇಳಿಸಿ ನೋಡಿದರು. ಗಂಟು ಇದೆ, ಒಳ್ಳೆಯದಲ್ಲ. ಮೊದಲು ಕಿರಣ ಚಿಕಿತ್ಸೆ ಕೊಡೋಣ, ಬಗ್ಗದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ ಎಂದರು. ಅಕ್ಕ ಅಳಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ, ಮಂಡಿಯ ಕೂಗನ್ನು ಒಮ್ಮೆ ಪಿಸುಗುಟ್ಟಿ ನೋಡಿದಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರು ವಾಕ್ಯಗಳನ್ನು ಅಚ್ಚು ಹಾಕಿದ್ದ ಹಾಳೆಗಳ ಒಂದು ಕಟ್ಟು ಕೊಟ್ಟರು. "ಇದನ್ನೆಲ್ಲ ಓದಿ ರೆಕಾರ್ಡ್ ಮಾಡಿಟ್ಕೊಳ್ಳಿ ಅಮ್ಮ. ನಾಳೆ ಮಾತು ಹೋದ್ರೂ ನೀವು ಟೈಪ್ ಮಾಡಿದ್ದನ್ನ ಲ್ಯಾಪ್‌ಟಾಪು ನಿಮ್ಮ ದನೀಲೇ ಹೇಳುತ್ತೆ. ಆದಷ್ಟು ಬೇಗ ಮಾಡಿ."

ತಮ್ಮನ ಕಣ್ಣು ಅರಳಿತು. ಅವನ ಬದುಕಿನಲ್ಲಿ ಮೊದಲ ಬಾರಿಗೆ ಅವನ ವಿದ್ಯೆ ಅಕ್ಕನ ಉಪಯೋಗಕ್ಕೆ ಬರುವ ಹಾಗಿತ್ತು.

"ಇದು ನನಗೆ ಬಿಡಿ ಮೇಡಂ, ನಾನು ನೋಡ್ಕೋತೀನಿ" ಎಂದ. ದಾರಿಯಲ್ಲಿ ಅಕ್ಕನಿಗೆ ವಿವರಿಸಿದ. "ನಮ್ಮನೆ ಹಳೇ ಡಬ್ಬಾ ಲ್ಯಾಪ್‌ಟಾಪಲ್ಲಿ ಮಾಡಿದ್ರೆ ನಿನ್ನ ದನಿ ಜೊತೆ ಫ್ಯಾನ್ ಸದ್ದೂ ಸೇರ್ಕೊಳುತ್ತೆ. ಮುಂದಿನ ತಿಂಗಳು ಹೊಸ ಚಿಪ್ ಬರ್ತಿದೆ ಅಕ್ಕ. ಅದ್ರಲ್ಲಿ ಇಂಥದ್ದಕ್ಕೇ ಅಂತ ಬೇರೆ ಭಾಗಾನೇ ಇದೆ. ನೀನು ಮಾತಾಡಿದ ಹಾಗೇ ಇರುತ್ತೆ. ಸ್ವಲ್ಪ ತಡಿ."

ಮಂಡಿಯಲ್ಲಿ ಬೇರೆ ಯಾರಾದರೂ ತಡಿ ಅಂದಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ತಮ್ಮನಿಗೆ "ಆಗ್ಲಿ ಕಣೋ, ನಿನಗೆ ಗೊತ್ತಿರುತ್ತೆ" ಎಂದಳು. ಹಾಳೆಗಳನ್ನು ಫ್ರಿಜ್ಜಿನ ಮೇಲಿಟ್ಟಳು.

ಹೊಸ ಚಿಪ್ ಬಂತು, ಬರೀ ಸುದ್ದಿಯಲ್ಲಿ. ಅಂಗಡಿಗೆ ಬರಲು ಇನ್ನೂ ಕೆಲವು ವಾರ ಎಂದರು. ಬಂದವುಗಳಲ್ಲಿ ಏನೋ ಬಿಸಿಯಾಗುವ ತೊಂದರೆಯೆಂದು ತಮ್ಮ ಎಲ್ಲೋ ಓದಿದ. ಅಷ್ಟರಲ್ಲಿ ಇನ್ನೊಂದು ಕಂಪನಿ ತನ್ನದು ಇದಕ್ಕಿಂತ ಮೇಲು ಎಂದು ಮೂಗಿಗೆ ತುಪ್ಪ ಸವರಿತು. ಅಕ್ಕ ಕಿರಣ ಚಿಕಿತ್ಸೆಗೆ ಹೋಗಿ ಬರುತ್ತ, ಕೈಲಾದ ದಿನ ಮಂಡಿಗೂ ಹೋಗಿ ತೂಕದ ಚೀಟಿ ಬರೆಯುತ್ತ ಕೂರುತ್ತಿದ್ದಳು. ಕಚೇರಿಯಲ್ಲಿ ತಮ್ಮ ಫೋನ್ ಎತ್ತುವಂತಿರಲಿಲ್ಲ. ಅವಳಿಗೋ ಟೈಪ್ ಮಾಡುವುದೆಂದರೆ ಆಗದು. ಫೋನನ್ನು ಬಾಯಿಯ ಹತ್ತಿರ ಹಿಡಿದು, ಗೋದಾಮಿನ ಮೂಲೆಗೆ ಹೋಗಿ, ಅವನಿಗೆ ಧ್ವನಿ ಸಂದೇಶ ಕಳಿಸುತ್ತಿದ್ದಳು.

"ಬಂತೇನೋ ಅದು?"

"ಇನ್ನೂ ಎಷ್ಟು ದಿನ ಕಣೋ?"

"ಇವತ್ತು ಗಂಟಲು ಸ್ವಲ್ಪ ವಾಸಿ. ಇವತ್ತೇ ಓದ್ಬಿಡ್ಲೇನೋ? ಆ ಹಳೇದ್ರಲ್ಲೇ ಮಾಡಿದ್ರೆ ಆಗಲ್ವೇನೋ?"

ಅವನ ಉತ್ತರ ಬರುತ್ತಿತ್ತು: ಬಂದೇ ಬಿಡ್ತು ಅಕ್ಕ, ಸ್ವಲ್ಪ ತಡಿ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ತಮ್ಮನ ಹೆಂಡತಿಯನ್ನು ಕರೆಯಲು ಹೋದಳು. ಬಾಯಿ ತೆರೆಯಿತು, ಉಸಿರು ಬಂತು, ಮಾತು ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗಾಯಿತು ಅಷ್ಟೇ. ಕೈಗೆ ಸಿಕ್ಕ ತಟ್ಟೆಯನ್ನು ನೆಲಕ್ಕೆ ಎತ್ತಿಹಾಕಿದಳು. ಆ ಸದ್ದಿಗೆ ಇಬ್ಬರೂ ಓಡಿಬಂದರು.

ಡಾಕ್ಟರ್ ಇನ್ನು ತಡ ಮಾಡುವ ಹಾಗಿಲ್ಲ ಎಂದರು. ಆಪರೇಷನ್ ಆಯಿತು. ಅವಳು ಕುತ್ತಿಗೆಯಲ್ಲಿ ಉಸಿರಿನ ತೂತು ಇಟ್ಟುಕೊಂಡು ವಾರ್ಡಿನಲ್ಲಿ ಮಲಗಿದ್ದಾಗ ಹೊಸ ಲ್ಯಾಪ್‌ಟಾಪ್ ಬಂತು. ತಮ್ಮ ಅದನ್ನು ಮಂಚದ ಮೇಲಿಟ್ಟು, ಡಬ್ಬಿ ತೆರೆದು, ಪ್ಲಾಸ್ಟಿಕ್ ಹಾಳೆಯನ್ನು ನಾಜೂಕಾಗಿ ಸುಲಿದ. ಸದ್ದೇ ಇಲ್ಲ. ಫ್ಯಾನು ಇದೆಯೋ ಇಲ್ಲವೋ ತಿಳಿಯದಷ್ಟು ಮೌನ. ಅವನ ಕಣ್ಣಲ್ಲಿ ನೀರಿತ್ತು. ಅದು ದುಃಖಕ್ಕೋ ಆ ಯಂತ್ರದ ಚೆಂದಕ್ಕೋ ಎಂದು ಅಕ್ಕನಿಗೆ ಆ ಕ್ಷಣ ನಿಜವಾಗಿಯೂ ಅನುಮಾನ ಬಂತು. ಅನುಮಾನ ಬಂದದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ಮಾತಿನ ಮೇಡಂ ಬಂದರು. "ಒಳ್ಳೇದು, ಮೆಷೀನ್ ಬಂತಲ್ಲ. ರೆಕಾರ್ಡಿಂಗ್ ಎಲ್ಲಿಟ್ಟಿದೀರಾ?"

ತಮ್ಮ ಸುಲಿದ ಪ್ಲಾಸ್ಟಿಕ್ ಹಾಳೆಯನ್ನು ಮಡಿಸತೊಡಗಿದ. "ಇದು ಬರ್ಲಿ ಅಂತ ಕಾದ್ವಿ ಮೇಡಂ."

ಮೇಡಂ ಅವನನ್ನೇ ನೋಡಿದರು. "ಕಾಯೋದಾ? ಓದಿ ಇಟ್ಕೊಳೋಕೆ ನಿಮ್ಮ ಜೇಬಲ್ಲಿರೋ ಫೋನೇ ಸಾಕಿತ್ತಲ್ಲ ಸರ್. ದನಿ ತಯಾರಿಸೋ ಕೆಲಸಕ್ಕೆ ಮಾತ್ರ ಒಳ್ಳೆ ಮೆಷೀನ್ ಬೇಕು. ಅದನ್ನ ಯಾವಾಗ ಬೇಕಾದ್ರೂ ಮಾಡ್ಬಹುದಿತ್ತು, ಮುಂದಿನ ವರ್ಷ ಮಾಡಿದ್ರೂ ನಡೀತಿತ್ತು. ಬಟ್ಟೆ ತಂದಿಟ್ಕೊಂಡು ಹೊಲಿಗೆ ಮೆಷೀನಿಗೆ ಕಾಯ್ಬೇಕು. ನೀವು ಮೆಷೀನಿಗೆ ಕಾದು ಬಟ್ಟೇನೇ ಕಳ್ಕೊಂಡ್ರಲ್ಲ."

ತಮ್ಮ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ. ಅಕ್ಕನಿಗೆ ಅವನ ಮೇಲೆ ಬಂದ ಸಿಟ್ಟು ಹೊಟ್ಟೆಯಿಂದ ಎದ್ದು ಕುತ್ತಿಗೆಯವರೆಗೆ ಬಂದು, ಆ ತೂತಿನಲ್ಲಿ ಬರೀ ಬಿಸಿಗಾಳಿಯಾಗಿ ಹೋಯಿತು. ಅದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ಮೇಲೆಯೇ ಇತ್ತು. ಊರವರನ್ನೆಲ್ಲ ಬೇಗ ಹೇಳು, ಬೇಗ ಹೇಳು ಎಂದು ಬೈದವಳು ತನ್ನ ಸರದಿ ಬಂದಾಗ ಬಾಯಿ ಮುಚ್ಚಿಕೊಂಡು ಕೂತಿದ್ದಳಲ್ಲ!

ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಾಟ ಶುರುವಾಯಿತು. ಮಂಡಿಯವರು ಕೊಟ್ಟ ವಿಡಿಯೋಗಳಲ್ಲಿ ಲಾರಿಗಳ ಹಾರ್ನು, ಹಮಾಲರ ಗದ್ದಲ ಸೇರಿ ಯಾವುದೂ ಬಳಕೆಗೆ ಬರುವಂತಿರಲಿಲ್ಲ. ತಮ್ಮನ ಫೋನಿನಲ್ಲಿ ಅವಳ ಸಂದೇಶಗಳು ಸಿಕ್ಕವು. ಹಳೆಯವನ್ನೆಲ್ಲ ಜಾಗ ಸಾಲದೆಂದು ಅಳಿಸಿದ್ದ. ಹೊಸ ಫೋನಿಗೂ ಅವನು ಕಾಯುತ್ತಲೇ ಇದ್ದನಲ್ಲ. ಉಳಿದದ್ದು ಈ ಕೆಲವು ತಿಂಗಳದ್ದು ಮಾತ್ರ. "ಇಷ್ಟರಲ್ಲಿ ಎಷ್ಟು ಬರುತ್ತೋ ಅಷ್ಟೇ" ಎಂದು ಮೇಡಂ ಮೊದಲೇ ಹೇಳಿದರು.

ಅವಳು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ತಮ್ಮ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟ. ಆ ಯಂತ್ರ ಅವಳ ದನಿಯನ್ನು ಚಿಟಿಕೆ ಹೊಡೆಯುವುದರಲ್ಲಿ ತಯಾರಿಸಿತ್ತಂತೆ, ಹಳೆಯದಾಗಿದ್ದರೆ ರಾತ್ರಿಯಿಡೀ ಬೇಕಾಗುತ್ತಿತ್ತಂತೆ. ಅದನ್ನು ಹೇಳುವಾಗ ಅವನ ಗಂಟಲಿನಲ್ಲಿ ಹಳೆಯ ಉತ್ಸಾಹ ಇಣುಕಿ, ನಾಚಿ ಒಳಗೆ ಹೋಯಿತು.

ಅಕ್ಕ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದಳು. ಊಟ ಆಯ್ತು. ಆಮೇಲೆ ತಮ್ಮ ತೋರಿಸಿದ, ಮಾತು ಹೊರಡಿಸುವ ಕೀ ಒತ್ತಿದಳು.

"ಊಟ ಆಯ್ತು?" ಎಂದಿತು ಲ್ಯಾಪ್‌ಟಾಪು.

ದನಿ ಅವಳದೇ. ಒರಟು, ಸ್ವಲ್ಪ ಬಿರುಕು. ಆದರೆ ಮಾತು ಕೊನೆಯಲ್ಲಿ ಮೇಲಕ್ಕೆ ಏಳುತ್ತಿತ್ತು, ಏನನ್ನೋ ಬೇಡುವ ಹಾಗೆ. ನನಗೆ ನಿದ್ದೆ ಬರ್ತಿದೆ ಎಂದು ಬರೆದಳು. ಅದೂ ಕೇಳಿಕೊಳ್ಳುವ ದನಿಯಲ್ಲೇ ಬಂತು. ಕಿಟಕಿ ಹಾಕು ಎಂದರೂ ಅದೇ ರಾಗ. ಕಲಿಯಲು ಅದಕ್ಕೆ ಸಿಕ್ಕ ಅವಳ ಸಂದೇಶಗಳು ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳೇ ಆಗಿದ್ದವು.

ಅವಳು ನಿಧಾನವಾಗಿ ಮಂಡಿಯ ಕೂಗನ್ನು ಬರೆದಳು.

"ಒಂದು ಸಾರಿ? ಎರಡು ಸಾರಿ? ಮೂರು ಸಾರಿ?" ಎಂದಿತು ಲ್ಯಾಪ್‌ಟಾಪು.

ಆ ಮೂರನೆಯದು ಬೀಳಲಿಲ್ಲ. ಯಾರಾದರೂ ಉತ್ತರ ಹೇಳಿ ಎಂಬಂತೆ ಗಾಳಿಯಲ್ಲಿ ನೇತಾಡಿತು. ಇಂಥ ಕೂಗಿಗೆ ಮಂಡಿಯಲ್ಲಿ ಒಂದು ಹಿಡಿ ಕೊತ್ತಂಬರಿಯೂ ಹರಾಜಾಗುತ್ತಿರಲಿಲ್ಲ. ಅಕ್ಕನಿಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಬರದ ಅಳು ಈಗ ಬಂತು. ಅದಕ್ಕೂ ಸದ್ದಿರಲಿಲ್ಲ, ಭುಜಗಳು ಮಾತ್ರ ಅಲುಗಿದವು.

ತಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಅವಳ ಕೈ ಹಿಡಿದುಕೊಂಡ. ಅವನ ಮುಖದಲ್ಲಿ ಕಪಟ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಹಿಂಸೆ.

"ಅಳ್ಬೇಡ ಅಕ್ಕ. ಇದನ್ನ ಸರಿಮಾಡ್ಬಹುದು. ಮುಂದಿನ ವರ್ಷದ ಚಿಪ್ಪಲ್ಲಿ ರಾಗಾನೂ ಬದಲಾಯಿಸೋಕೆ ಆಗುತ್ತಂತೆ. ಓದಿದೀನಿ ನಾನು. ಸ್ವಲ್ಪ..."

ಅವನು ಮುಂದಿನ ಮಾತನ್ನು ಹೇಳುವ ಮೊದಲೇ ತಡೆದುಕೊಂಡ. ಆದರೆ ಅದು ಇಬ್ಬರಿಗೂ ಕೇಳಿಸಿಯಾಗಿತ್ತು.

ಅಕ್ಕ ಅವನ ಹಿಡಿತದಿಂದ ಕೈ ಬಿಡಿಸಿಕೊಂಡು ಕಣ್ಣು ಒರೆಸಿಕೊಂಡಳು. ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು ಟೈಪ್ ಮಾಡಿ ಕೀ ಒತ್ತಿದಳು. ಈ ಬಾರಿ ಅಕ್ಷರಗಳನ್ನು ಹುಡುಕಬೇಕಾಗಲಿಲ್ಲ.

"ಬಂತೇನೋ ಅದು?"

ದನಿ ಎಲ್ಲೂ ಎಡವಲಿಲ್ಲ, ಕೊಂಕಲಿಲ್ಲ. ಗೋದಾಮಿನ ಮೂಲೆಯಲ್ಲಿ ಫೋನು ಹಿಡಿದು ನಿಂತಿದ್ದ ಅಕ್ಕನೇ ಮಾತಾಡಿದ ಹಾಗಿತ್ತು. ಅಡುಗೆಮನೆಯಲ್ಲಿದ್ದ ತಮ್ಮನ ಹೆಂಡತಿ "ಅತ್ತಿಗೆ! ಮಾತು ಬಂತಾ!" ಎಂದು ಒದ್ದೆ ಕೈಯಲ್ಲೇ ಓಡಿಬಂದು, ಇಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

ತಮ್ಮ ತಲೆ ತಗ್ಗಿಸಿದ. ಅಕ್ಕ ಅವನು ತಲೆ ಎತ್ತುವುದನ್ನೇ ನೋಡುತ್ತ ಕೂತಳು. ಅವನು ಎತ್ತಿದೊಡನೆ ಮಾತು ಹೊರಡಿಸುವ ಅದೇ ಕೀಯನ್ನು ಮತ್ತೆ ಒತ್ತಿದಳು.